ದಡಿ ಬಣ್ಣ ಫರಕು

ಆಯಿ ತೀರಿಕೊಂಡು ವರ್ಷ ತುಂಬಿದ ಮೇಲೆ ಅವಳ ಸೀರೆಗಳಿಂದ ಕೌದಿ ಹೊಲಿಯೋದು ಅಂತ ಮನೆಯಲ್ಲಿ ತೀರ್ಮಾನ ಆಯ್ತು. ನಮ್ಮ ಕಡೆ ಇದೇನೂ ಹೊಸದಲ್ಲ. ಹೋದವರ ಸೀರೆ, ಧೋತರ ಕತ್ತರಿಸಿ, ಒಂದರ ಮೇಲೊಂದು ಹಾಸಿ, ಉದ್ದಕ್ಕೂ ದಾರ ಎಳೆದರೆ ಒಂದು ಹೊದಿಕೆ. ಮೊಮ್ಮಕ್ಕಳಿಗೆ ಒಂದೊಂದು. ಬೆಂಗಳೂರಿನ ಫ್ಲಾಟಿನಲ್ಲಿ ಫ್ಯಾನ್ ಜೋರಾಗಿ ಹಾಕಿ ಅದರ ಕೆಳಗೆ ಕೌದಿ ಹೊದ್ದು ಮಲಗುವ ಪೈಕಿ ನಾನೂ ಒಬ್ಬ.

ಟ್ರಂಕಿನಲ್ಲಿ ಏಳು ಸೀರೆ ಇದ್ದವು. ಆರರ ಬಗ್ಗೆ ಯಾರದೂ ತಕರಾರಿಲ್ಲ. ದಿನಾ ಉಟ್ಟು, ಒಗೆದು, ಮೆತ್ತಗಾದ ಸೀರೆಗಳು. ಕೌದಿಗೆ ಅಂಥವೇ ಬೇಕು. ಏಳನೆಯದು ಎಲ್ಲಕ್ಕಿಂತ ಅಡಿಗೆ, ಅಜ್ಜನ ಹಳೇ ಧೋತರದಲ್ಲಿ ಸುತ್ತಿಟ್ಟಿದ್ದು. ನಡುವೆ ಒಣಗಿದ ಬೇವಿನ ಎಲೆ. ಬಿಚ್ಚಿದರೆ ಗಿಣಿ ಹಸಿರು ಒಡಲು, ಕೆಂಪು ದಡಿ, ಕೆಂಪು ಸೆರಗು, ಸೆರಗಿನ ನಡುವೆ ಬಿಳಿ ಪಟ್ಟಿ. ಅಪ್ಪಟ ಇಳಕಲ್ ಸೀರೆ.

"ಇದು ನಮ್ಮಪ್ಪ ನೇಯ್ದದ್ದು. ಇದಕ್ಕ ಕತ್ತರಿ ಹಾಕಬ್ಯಾಡ್ರಿ" ಅಂದಳು ಅತ್ತಿ.

ಕಾಕಾ ನಕ್ಕುಬಿಟ್ಟ. "ಅಪ್ಪ ನೇಯ್ದ ರೇಷ್ಮಿ ದಡಿ ಸೀರಿ ನಮ್ಮ ಮನ್ಯಾಗ ಹೆಂಗ ಉಳಿತೈತಿ ಅಕ್ಕಾ? ನೇಯ್ದದ್ದೆಲ್ಲಾ ಸಾವ್ಕಾರ್ರ ಮನಿಗೇ ಹೋಗತಿತ್ತು. ದಡಿ ನೋಡು, ಒಂದು ಕಡೆ ಕಡು, ಇನ್ನೊಂದು ಕಡೆ ತಿಳಿ. ಸಂತ್ಯಾಗ ಕಡಿಮಿ ರೊಕ್ಕಕ್ಕ ತಂದ ಮಾಲು ಇದು."

"ಬಿಸಲಿಗೆ ಹಾರೇತಿ."

"ಒಂದ ದಡಿ ಅಷ್ಟ ಬಿಸಲಾಗ ನಿಂತಿತ್ತೇನು?"

ಕತ್ತರಿ ಹಿಡಿದು ಕೂತಿದ್ದ ಅವ್ವ ಇಬ್ಬರ ಮುಖ ನೋಡಿದಳು. ಅಪ್ಪ ಯಾವತ್ತಿನಂತೆ ಸುಮ್ಮನಿದ್ದ. ಕೊನೆಗೆ ಕಾಕಾನೇ ಫೈಸಲ್ ಮಾಡಿದ: ಅಜ್ಜನ ಕೈಯದು ಅಂತ ಖಾತ್ರಿಯಾದರೆ ಇಟ್ಟುಕೊಳ್ಳೋಣ, ಅಂಗಡಿ ಮಾಲಾದರೆ ಕೌದಿಗೆ ಹಾಕೋಣ. ನಾನು ಒಂದು ತಿಂಗಳು ಟೈಮ್ ಕೇಳಿದೆ. ಸ್ಪ್ರಿಂಟ್ ಪ್ಲಾನಿಂಗ್ ಮಾಡಿ ಮಾಡಿ ಬಂದ ಚಟ.

ಟೈಮ್ ಏನೋ ತಗೊಂಡೆ, ಆದರೆ ಹುಡುಕೋದು ಹೇಗೆ ಅನ್ನೋದು ಗೊತ್ತಿರಲಿಲ್ಲ. ಅಜ್ಜ ಹೋದಾಗ ನಾನು ಎರಡನೇ ಇಯತ್ತೆ. ಆಯಿಯನ್ನ ಕೇಳಿದ್ದರೆ ಒಂದು ನಿಮಿಷದ ಮಾತು. ಅವಳ ಜೊತೆ ಮೂವತ್ತು ವರ್ಷ ಮಾತಾಡಿದ್ದೇನೆ, ಇದೊಂದನ್ನು ಕೇಳಿರಲಿಲ್ಲ.

ದಾರಿ ಸಿಕ್ಕಿದ್ದು ವಿಚಿತ್ರ ಜಾಗದಲ್ಲಿ. ನಮ್ಮ ಟೀಮಿನಲ್ಲಿ ಅಮೆರಿಕದವರೊಬ್ಬರು ಹಳೇ ಮರದ ದೋಣಿಯೊಂದನ್ನು ಕೊಂಡು ರಿಪೇರಿ ಮಾಡ್ತಾ ಇದ್ದರು. ಸೋಮವಾರದ ಕಾಲ್ ಶುರುವಾಗುವ ಮೊದಲ ಐದು ನಿಮಿಷ ಅದೇ ಕಥೆ. ಕೆನೂ ಅಂತಾರಲ್ಲ, ಎರಡೂ ತುದಿ ಚೂಪಾದ, ಹುಟ್ಟು ಹಾಕುವ ಸಣ್ಣ ದೋಣಿ. ಮೇನ್ ರಾಜ್ಯದ ಓಲ್ಡ್ ಟೌನ್ ಅನ್ನೋ ಊರಿನಲ್ಲಿ ಅದೇ ಹೆಸರಿನ ದೋಣಿ ಕಂಪನಿಯೊಂದಿದೆ. ಅವರ ಮರದ ದೋಣಿಗಳ ಒಳಗೆ, ತುದಿಯ ಮರದ ಮೇಲೆ, ಒಂದು ನಂಬರ್ ಒತ್ತಿರುತ್ತೆ. ಆ ನಂಬರಿಗೆ ಕಂಪನಿಯಲ್ಲಿ ಒಂದು ದಾಖಲೆ. ಎಷ್ಟು ಅಡಿ, ಯಾವ ಮಾದರಿ, ಯಾವ ಮರ, ಹಲಗೆ ಕೂರಿಸಿದ್ದು ಯಾವತ್ತು, ವಾರ್ನಿಶ್ ಹೊಡೆದದ್ದು ಯಾವತ್ತು, ಮೊದಲು ಬಳಿದ ಬಣ್ಣ ಯಾವುದು, ಯಾವ ಊರಿಗೆ ಕಳಿಸಿದ್ದು, ಎಲ್ಲಾ ಅದರಲ್ಲಿ. ಹಳೇ ಮರದ ದೋಣಿಗಳ ಅಭಿಮಾನಿಗಳ ಸಂಘವೊಂದಿದೆ, ವುಡನ್ ಕೆನೂ ಹೆರಿಟೇಜ್ ಅಸೋಸಿಯೇಷನ್ ಅಂತ. ಅವರು ಈ ದಾಖಲೆಗಳನ್ನೆಲ್ಲಾ ಸ್ಕ್ಯಾನ್ ಮಾಡಿಸಿದ್ದಾರೆ. ನಮ್ಮ ಸಹೋದ್ಯೋಗಿ ನಂಬರ್ ಕೊಟ್ಟು ದಾಖಲೆ ತರಿಸಿಕೊಂಡು, ಮೇಲಿನ ಬಣ್ಣವೆಲ್ಲಾ ಕೆರೆದು ನೋಡಿದರೆ, ಅಡಿಯಲ್ಲಿ ದಾಖಲೆಯಲ್ಲಿದ್ದ ಹಸಿರೇ ಸಿಕ್ಕಿತಂತೆ. ಅವತ್ತು ಅವರ ಮುಖ ನೋಡಬೇಕಿತ್ತು.

ನಾನು ಕ್ಯಾಮೆರಾ ಆಫ್ ಮಾಡಿ ಯೋಚಿಸ್ತಾ ಕೂತೆ. ಸೀರೆಗೆ ನಂಬರ್ ಇಲ್ಲ. ಇಳಕಲ್ ಸೀರೆಗೆ ಜಿಐ ಟ್ಯಾಗ್ ಸಿಕ್ಕಿದೆ ನಿಜ, ಆದರೆ ಅದು ಯಾವ ಊರಿನದು ಅಂತ ಹೇಳೀತು, ಯಾರ ಕೈಯದು ಅಂತಲ್ಲ. ಆದರೆ ಕಾಕಾನೇ ಒಂದು ಸುಳಿವು ಕೊಟ್ಟಿದ್ದ: ನೇಯ್ದದ್ದೆಲ್ಲಾ ಸಾವ್ಕಾರ್ರ ಮನೆಗೆ ಹೋಗ್ತಿತ್ತು. ಸಾವ್ಕಾರರು ನೂಲು, ರೇಷ್ಮೆ ತೂಗಿ ಕೊಡ್ತಿದ್ದರು. ಅಜ್ಜ ನೇಯ್ದು ತಂದ ಸೀರೆಯನ್ನು ಮತ್ತೆ ತೂಗಿ ತಗೋತಿದ್ದರು. ತೂಗಿದ ಮೇಲೆ ಎಲ್ಲೋ ಒಂದು ಕಡೆ ಬರೆದಿರಲೇಬೇಕಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ, ಕೋಡ್ ಕೈಯಲ್ಲಿದೆ, ಕಮಿಟ್ ಹಿಸ್ಟರಿ ಇನ್ನೊಬ್ಬರ ಮನೆಯಲ್ಲಿದೆ.

ಇಲ್ಲಿ ಇಳಕಲ್ ಸೀರೆ ಹೇಗೆ ಆಗುತ್ತೆ ಅನ್ನೋದನ್ನ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯೋದಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆ ಹಾಸು, ಲಾಳಿಯಲ್ಲಿ ಅಡ್ಡ ಓಡುವ ಎಳೆ ಹೊಕ್ಕು. ಬೇರೆ ಕಡೆ ಉದ್ದನೆಯ ಹಾಸು ಒಂದು ಸಲ ಏರಿಸಿದರೆ ಸಾಲಾಗಿ ಹಲವು ಸೀರೆ ನೇಯಬಹುದು. ಇಳಕಲ್ ಸೀರೆಗೆ ಹಾಗಾಗೋದಿಲ್ಲ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಬೇರೆ ಬೇರೆ ತಯಾರಿಸಿ, ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ತೂರಿಸಿ ಜೋಡಿಸಬೇಕು. ಈ ಜೋಡಣೆಗೆ ಕೊಂಡಿ ಅಂತಾರೆ. ಸೀರೆಯ ಅಗಲದುದ್ದಕ್ಕೂ ಎಷ್ಟು ಎಳೆಯೋ ಅಷ್ಟೂ ಕೊಂಡಿ. ತೋಪು ತೆನೆ ಸೆರಗು ಅಂತ ಹೆಸರಾದದ್ದು ಇದೇ. ದಡಿಯ ಹಾಸು ಮತ್ತೆ ಬೇರೆ. ಅದರ ಬಣ್ಣ, ಸೆರಗಿನ ಬಣ್ಣ ಒಂದೇ ಇರಬೇಕು. ಹೀಗಾಗಿ ಪ್ರತಿ ಸೀರೆಗೂ ಪ್ರತ್ಯೇಕ ಹಾಸು. ಒಂದೊಂದು ಸೀರೆಯೂ ಒಂಟಿ ಬಿಡಿ ಮಾಲು. ಲೆಕ್ಕ ಬರೆಯೋರೂ ಒಂದೊಂದನ್ನೇ ಬರೆಯಬೇಕು.

ಮುಂದಿನ ಶನಿವಾರ ಕಾಕಾನ ಬೈಕಿನಲ್ಲಿ ಇಳಕಲ್ಲಿಗೆ ಹೋದೆವು. ಅಜ್ಜ ನೇಯ್ದು ಕೊಡ್ತಿದ್ದ ಮನೆ ಕಾಕಾನಿಗೆ ನೆನಪಿತ್ತು. ಈಗ ಅಲ್ಲಿ ಸೀರೆ ವ್ಯಾಪಾರ ಇಲ್ಲ, ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಪಡಸಾಲೆಯಲ್ಲಿ ಎಂಬತ್ತು ದಾಟಿದ ಅಜ್ಜಾರು ಕೂತಿದ್ದರು. ನಮ್ಮ ಅಜ್ಜನ ಹೆಸರು ಹೇಳಿದ ಕೂಡಲೇ, "ಹಾಂ, ಕುಣಿ ಮಗ್ಗದವರು. ದಡಿ ಬಾಳ ಬಿಗಿ ಬರತಿತ್ತು ಅವರದು" ಅಂದರು. ಕಾಕಾನ ಮುಖ ನೋಡಿದೆ. ಅವನು ಆ ಕಡೆ ಈ ಕಡೆ ನೋಡ್ತಾ ಇದ್ದ.

ವಹಿಗಳು ಅಟ್ಟದ ಮೇಲೆ ಗೋಣಿಚೀಲದಲ್ಲಿದ್ದವು. ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕಗಳು, ಪ್ರತಿಯೊಂದರ ಮೊದಲ ಪುಟದಲ್ಲಿ ಅರಿಷಿಣ ಕುಂಕುಮ. ದೀಪಾವಳಿ ಪಾಡ್ಯದಂದು ಪೂಜೆ ಮಾಡಿ ಹೊಸ ಖಾತೆ ತೆರೆಯೋರು, ಹಾಗಾಗಿ ಒಂದು ಪುಸ್ತಕ ಪಾಡ್ಯದಿಂದ ಪಾಡ್ಯಕ್ಕೆ. ಬರಹ ಪೆನ್ನು ಎತ್ತದೆ ಸರಸರ ಎಳೆದದ್ದು. ನನಗೆ ಕಂಡದ್ದು ಬರೀ ಇರುವೆ ಸಾಲು. ಅಜ್ಜಾರು ಕನ್ನಡಕ ಏರಿಸಿ ಓದಿದರು: ತಿಥಿ, ನೇಕಾರನ ಹೆಸರು, ಊರು, ಒಡಲು, ದಡಿ, ಸೆರಗು, ಎಷ್ಟು ವಾರ, ನೂಲಿನ ತೂಕ, ರೇಷ್ಮೆ ಎಷ್ಟು ತೊಲಿ, ಕೂಲಿ, ಕಡಿತ, ಷರಾ.

ಇಸವಿ ಇಲ್ಲ! ಬರೀ ಸಂವತ್ಸರದ ಹೆಸರು. ಸಂವತ್ಸರಗಳು ಅರವತ್ತು, ಅರವತ್ತಾದ ಮೇಲೆ ಮತ್ತೆ ಅವೇ ಹೆಸರು ಸುತ್ತಿ ಬರ್ತವೆ. ಶಾರ್ವರಿ ಅಂದರೆ 1900ರಲ್ಲಿ ಶುರುವಾದದ್ದೂ ಹೌದು, 1960ರದ್ದೂ ಹೌದು, ಕೊರೋನಾ ಬಂದ 2020ರದ್ದೂ ಹೌದು. ಕೌಂಟರ್ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗೋದು ನಮ್ಮ ಕೆಲಸದಲ್ಲಿ ದಿನಾ ನೋಡೋ ತಲೆನೋವು. ಇದಕ್ಕೆ ಉಪಾಯ ಕೂಲಿಯ ಕಾಲಮಿನಲ್ಲೇ ಇತ್ತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆ ಹೋಗಿ 100 ನಯೇ ಪೈಸೆ ಬಂತು. ಕೂಲಿ ಆಣೆಯಲ್ಲಿದ್ದರೆ ಪುಸ್ತಕ ಅದಕ್ಕಿಂತ ಹಿಂದಿನದು, ಪೈಸೆಯಲ್ಲಿದ್ದರೆ ಆಮೇಲಿನದು.

ಮೊದಲು ಸಿಕ್ಕಿದ್ದು ದುರ್ಮುಖಿ ಸಂವತ್ಸರದ ಒಂದು ಸಾಲು. ಅಜ್ಜನ ಹೆಸರು, ಹಸಿರು ಒಡಲು, ಗೋಮಿ ದಡಿ, ಕೆಂಪು ಸೆರಗು. ನಾನು ಎದ್ದು ನಿಂತೇಬಿಟ್ಟೆ. ಕಾಕಾ ಅಂಗಿ ಹಿಡಿದು ಕೂರಿಸಿದ. "ವಾರ ಎಷ್ಟೈತಿ ಕೇಳು." ಎಂಟು ವಾರ. ನಮ್ಮ ಸೀರೆಯನ್ನು ಅಲ್ಲೇ ಪಡಸಾಲೆಯಲ್ಲಿ ಹಾಸಿ ಅಳೆದೆವು. ಒಂಬತ್ತು ವಾರಕ್ಕೆ ನಾಲ್ಕು ಬೆರಳು ಕಡಿಮೆ. ಒಗೆದ ಸೀರೆ ಕುಗ್ಗೀತೇ ಹೊರತು ಬೆಳೆಯೋದಿಲ್ಲ. ಕೂಲಿ ಬೇರೆ ಆಣೆಯಲ್ಲಿತ್ತು, ಆಗಿನ್ನೂ ಅಜ್ಜನ ಮದುವೆಯೇ ಆಗಿರಲಿಲ್ಲ. ಅದು ಬೇರೆ ಯಾರೋ ಉಟ್ಟ ಸೀರೆ.

ಅಷ್ಟರಲ್ಲಿ ಅಜ್ಜಾರು ನಮ್ಮ ಸೀರೆಯ ದಡಿ ಕೈಗೆ ತಗೊಂಡರು. ಕಾಕಾ ತನ್ನ ಹಳೇ ವಾದ ಹೂಡಿದ, ನಾನು ಅತ್ತಿಯ ಬಿಸಿಲಿನ ವಾದ ಹೇಳಿದೆ. ಅಜ್ಜಾರು ಏನೂ ಅನ್ನಲಿಲ್ಲ. ಸೀರೆಯ ತುದಿಯಲ್ಲಿ ಆಯಿ ಮಡಚಿ ಹೊಲಿದಿದ್ದ ಅಂಚು ಹುಡುಕಿ, ನನ್ನ ಕೈಯಿಂದಲೇ ಎರಡೂ ಮೂಲೆಯ ನಾಲ್ಕು ನಾಲ್ಕು ಹೊಲಿಗೆ ಬಿಚ್ಚಿಸಿದರು. ಮಡಿಕೆಯ ಒಳಗೆ ಬಿಸಿಲು, ಗಾಳಿ, ಸಬಕಾರ ಹೆಚ್ಚು ತಾಕಿರಲಿಲ್ಲ. ಅಲ್ಲಿ ಬಣ್ಣ ಇನ್ನೂ ಹೊಸದರಂತೆ ಇತ್ತು. ಅಲ್ಲೂ ಎಡ ದಡಿ ಕಡು ಕೆಂಪು, ಬಲ ದಡಿ ಒಂದು ಛಾಯೆ ತಿಳಿ. ಸೆರಗಿನ ಕೆಂಪು ಬಲ ದಡಿಗೆ ಹೊಂದುತ್ತಿತ್ತು.

"ಬಿಸಲೂ ಅಲ್ಲ, ಗಿಸಲೂ ಅಲ್ಲ. ಎರಡು ಸಲ ಬಣ್ಣಕ್ಕ ಹಾಕಿದ ರೇಷ್ಮಿ ಇದು. ಒಂದು ದಡಿಗೆ ಒಂದು ಲಾಟು, ಇನ್ನೊಂದಕ್ಕ ಇನ್ನೊಂದು" ಅಂದರು. "ಇಂಥಾ ಮಾಲು ಅಂಗಡಿಗೆ ಹೋಗೂದಿಲ್ಲ ತಮ್ಮಾ. ಷರಾದಾಗ ನೋಡೂಣು."

ಅಲ್ಲಿಂದ ಮುಂದೆ ಕೆಲಸ ಸಲೀಸಾಯ್ತು. ಎಲ್ಲ ಕಾಲಮ್ ಓದೋದು ಬಿಟ್ಟು ಅಜ್ಜನ ಹೆಸರಿನ ಎದುರು ಬರೀ ಷರಾ ಓದಿಸಿದೆ. ಐದನೇ ಪುಸ್ತಕ. ಶಾರ್ವರಿ ಸಂವತ್ಸರ, ಮಾಘ ಮಾಸ. ಕೂಲಿಯ ಕಾಲಮಿನಲ್ಲಿ ಮೇಲೂ ಕೆಳಗೂ ನಯೇ ಪೈಸೆ, ಅಂದರೆ 1961ರ ಆರಂಭ. ಅಜ್ಜನ ಹೆಸರು, ಅವನಪ್ಪನ ಹೆಸರು, ನಮ್ಮೂರು. ಹಸಿರು ಒಡಲು, ಗೋಮಿ ದಡಿ, ಕೆಂಪು ಸೆರಗು, ಒಂಬತ್ತು ವಾರ. ಈ ಸಾಲಿನ ಕೂಲಿಯ ಜಾಗದಲ್ಲಿ ಮಾತ್ರ ಅಂಕಿ ಇಲ್ಲ, ಒಂದು ಅಡ್ಡಗೆರೆ. ಷರಾದಲ್ಲಿ ಮೂರು ಪದ: ದಡಿ ಬಣ್ಣ ಫರಕು. ಅದರ ಕೆಳಗೆ, ಬೇರೆ ಮಸಿಯಲ್ಲಿ: ಸ್ವಂತಕ್ಕೆ ಇಟ್ಟದ್ದು.

ಪುಟ ತಿರುವಿದರೆ ಅಜ್ಜನ ಮುಂದಿನ ಏಳು ಸೀರೆಗಳಲ್ಲೂ ಕಡಿತದ ಕಾಲಮಿನಲ್ಲಿ ಅಂಕಿ ಇತ್ತು. ನೂಲು, ರೇಷ್ಮೆಯ ಬೆಲೆಯನ್ನು ಏಳು ಕಂತಿನಲ್ಲಿ ಮುರಿದುಕೊಂಡಿದ್ದರು. ಏಳನೆಯದರ ಎದುರು ಬಾಕಿ ಇಲ್ಲ ಅಂತ ಬರೆದು ಗೆರೆ ಎಳೆದಿತ್ತು.

ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಂತೂ ನಾ ಹೇಳಿದ್ದೂ ಖರೆ, ಅಕ್ಕ ಹೇಳಿದ್ದೂ ಖರೆ" ಅಂದ. ಮಾಲು ಕಡಿಮೆ ದರ್ಜೆಯದೂ ಹೌದು, ಅಜ್ಜನ ಕೈಯದೂ ಹೌದು. ಅದು ಮನೆಯಲ್ಲಿ ಉಳಿದದ್ದೇ ತಪ್ಪಿದ್ದರಿಂದ. ದಡಿ ಸರಿ ಬಂದಿದ್ದರೆ ಆ ಸೀರೆ ಯಾವತ್ತೋ ಸಂತೆ ದಾಟಿ ಹೋಗಿರೋದು.

ನಾನು ಫೋಟೋ ತೆಗೆದುಕೊಂಡೆ. ಕೇಸ್ ಕ್ಲೋಸ್ ಅಂದುಕೊಂಡು ಸೀರೆ ಮಡಚ್ತಿರುವಾಗ ಒಳಗಿಂದ ಚಹಾ ತಂದ ಅಮ್ಮಾರು, ಅಂದರೆ ಅಜ್ಜಾರ ಮನೆಯವರು, ಸೆರಗು ತಿರುಗಿಸಿ ಕೊಂಡಿಯ ಮೇಲೆ ಹೆಬ್ಬೆರಳು ಆಡಿಸಿದರು. "ಚಲೋ ಹಾಕ್ಯಾರ. ಒಂದೂ ಬಿಟ್ಟಿಲ್ಲ. ಯಾರು ಹಾಕಿದ್ದು?"

"ಅಜ್ಜನ ಹೆಸರು ಐತೆಲ್ರಿ ಅಮ್ಮಾರ, ಪುಸ್ತಕದಾಗ."

"ಅದು ಮಗ್ಗದಾಗ ಕುಂತವರ ಹೆಸರಪ್ಪಾ. ನಾ ಕೊಂಡಿ ಹಾಕಿದವರ ಹೆಸರು ಕೇಳಿದೆ."

ಅಜ್ಜಾರ ಕಡೆ ನೋಡಿದೆ. ಅವರು ವಹಿ ಮುಚ್ಚಿ ಬಟ್ಟೆ ಕಟ್ಟುತ್ತಾ, "ಅದಕ್ಕ ಖಾನೆ ಇದ್ದಿಲ್ಲ" ಅಂದರು. ಕಂಡಿಕೆ ಸುತ್ತೋದು, ಹಾಸು ತಯಾರಿಸೋದು, ಕೊಂಡಿ ಹಾಕೋದು, ಇದೆಲ್ಲಾ ಮನೆಯ ಹೆಂಗಸರ ಕೆಲಸ. ಕೂಲಿ ಸೀರೆಗೆ, ಸೀರೆ ಗಂಡಸಿನ ಹೆಸರಿಗೆ. ಹನ್ನೆರಡು ಕಾಲಮ್ ಇದ್ದ ಆ ಪುಸ್ತಕದಲ್ಲಿ ಹದಿಮೂರನೆಯದು ಯಾರಿಗೂ ಬೇಕಾಗಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಬಹಳ ಹಳೇ ಪುಸ್ತಕ ಇದೆ, ಕಲ್ಲಿನದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೇ ಶತಮಾನದಲ್ಲಿ ಕಟ್ಟಿಸಿದ್ದು ಲೋಕಮಹಾದೇವಿ, ಗಂಡ ವಿಕ್ರಮಾದಿತ್ಯ ಕಂಚಿ ಗೆದ್ದದ್ದಕ್ಕೆ. ಅಲ್ಲಿನ ಶಾಸನ ಕಟ್ಟಿದವನ ಹೆಸರನ್ನೂ ಹೇಳುತ್ತೆ: ಗುಂಡ, ಅನಿವಾರಿತಾಚಾರಿ, ಅವನಿಗೆ ಸಿಕ್ಕ ಬಿರುದು ತ್ರಿಭುವನಾಚಾರಿ. ಸಾವಿರದ ಇನ್ನೂರು ವರ್ಷದ ಹಿಂದೆಯೇ ಶಿಲ್ಪಿಯ ಹೆಸರು ಬರೆದ ಊರು ನಮ್ಮದು ಅಂತ ಆಫೀಸಿನಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಅವತ್ತು ವಾಪಸ್ ಬರುವಾಗ ಬೈಕಿನ ಹಿಂದೆ ಕೂತು ಯೋಚಿಸಿದ್ದು ಬೇರೆ. ಅಲ್ಲೂ ಕಲ್ಲು ಹೊತ್ತವರಿಗೆ ಖಾನೆ ಇರಲಿಲ್ಲ. ನಾವು ಬರೆಯೋ ಸಾಫ್ಟ್‌ವೇರಿನ ರಿಲೀಸ್ ಮೇಲಿನಲ್ಲೂ ರಾತ್ರಿ ಎರಡರ ತನಕ ಟೆಸ್ಟ್ ಮಾಡಿದ ಹುಡುಗಿಯ ಹೆಸರು ಇರೋದಿಲ್ಲ. ದಾಖಲೆ ಸುಳ್ಳು ಹೇಳೋದಿಲ್ಲ, ಸರಿ. ಆದರೆ ಯಾವ ಖಾನೆ ಹಾಕಿರ್ತೀವೋ ಅಷ್ಟನ್ನೇ ಹೇಳುತ್ತೆ.

ಮನೆಗೆ ಬಂದು ಅತ್ತಿಗೆ ಫೋಟೋ ತೋರಿಸಿದೆ. ಅವಳಿಗೆ ಗೆದ್ದ ಖುಷಿ. ಕಾಕಾನ ಕಡೆ ಒಂದು ಸಲ ನೋಡಿ ಸೀರೆ ತೊಡೆ ಮೇಲೆ ಹಾಕಿಕೊಂಡಳು. ಕೊಂಡಿ ಯಾರು ಹಾಕ್ತಿದ್ದರು ಅಂತ ಕೇಳಿದೆ.

"ಮತ್ಯಾರು? ಅವ್ವನ. ಕುಂತಲ್ಲೇ ದಿನಾ ಪೂರ್ತಿ ಹಾಕಾಕಿ. ಕತ್ತಲಾದ್ರ ಕಂದೀಲ ಹತ್ರ ಎಳಕೊಂಡು ಹಾಕಾಕಿ." ಆಮೇಲೆ ಕೇಳಿದಳು, "ತಿಂಗಳ ಯಾವುದು ಅಂದಿ?"

"ಮಾಘ. ಶಾರ್ವರಿ ಸಂವತ್ಸರ, ಅರವತ್ತೊಂದನೇ ಇಸವಿ."

ಅತ್ತಿ ಬೆರಳು ಮಡಚಿ ಎಣಿಸಿದಳು. ಅವಳು ಹುಟ್ಟಿದ್ದು ಆ ವರ್ಷದ ಬಸವ ಜಯಂತಿಯ ಮರುದಿನ, ವೈಶಾಖದಲ್ಲಿ. ಮನೆಯ ಮೊದಲ ಮಗು. ಮಾಘಕ್ಕೆ ಆಯಿಗೆ ಏಳು ತಿಂಗಳು.

"ಕುಬಸದ ಸೀರಿ ಇದು" ಅಂದಳು. ನಮ್ಮಲ್ಲಿ ಸೀಮಂತಕ್ಕೆ ಕುಬಸ ಅಂತಾರೆ, ಬಸುರಿಗೆ ಹಸಿರು ಸೀರೆ ಉಡಿಸ್ತಾರೆ. "ಇದರ ಕೊಂಡಿ ಹಾಕುವಾಗ ನಾ ಹೊಟ್ಟ್ಯಾಗಿದ್ದೆ."

ಯಾರೂ ಮಾತಾಡಲಿಲ್ಲ. ಆಯಿ ಕೊಂಡಿ ಹಾಕುವಾಗ ಅದು ಸಾವ್ಕಾರರ ಸೀರೆ. ಮಗ್ಗಕ್ಕೆ ಏರಿ, ನೇಯ್ದು, ಇಳಿದು, ಬೇಡವಾಗಿ ವಾಪಸ್ ಬಂದ ಮೇಲೆ ಅವಳ ಸೀರೆ.

ಮೌನ ಮುರಿದವನು ಕಾಕಾ. "ಅಪ್ಪಗ ಬಣ್ಣ ಗೊತ್ತಾಗತಿದ್ದಿಲ್ಲೇನು? ಕತ್ತಲ್ಯಾಗ ಕೈಯಿಂದ ಮುಟ್ಟಿ ಲಾಟು ಹೇಳಾಂವ. ಹೆಂಡ್ತಿ ಕುಬಸಕ್ಕ ಸೀರಿ ಬೇಕಾಗಿತ್ತು, ಬೇಕಂತ ದಡಿ ತಪ್ಪಿಸ್ಯಾನ. ಬಾಳ ಶಾಣ್ಯಾ ಇದ್ದ!"

ಎಲ್ಲರೂ ನಕ್ಕೆವು. ಅಪ್ಪನೂ ನಕ್ಕ. ಹದಿನೇಳನೇ ವಯಸ್ಸಿಗೆ ಮಗ್ಗ ಬಿಟ್ಟು ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋದ ಅಪ್ಪ ಅವತ್ತು ಮೊದಲ ಸಲ ಸೀರೆ ಕೈಗೆ ತಗೊಂಡು, ದಡಿಯ ಬಿಗಿ ನೋಡಿ, ಮತ್ತೆ ಅತ್ತಿಗೆ ಕೊಟ್ಟ. ಬಣ್ಣ ತಪ್ಪಿದ್ದೋ ತಪ್ಪಿಸಿದ್ದೋ, ವಹಿಯ ಷರಾದಲ್ಲಿ ಅದಕ್ಕೂ ಜಾಗ ಇಲ್ಲ. ನಮ್ಮ ಮನೆಯಲ್ಲಿ ಮಾತ್ರ ಈಗ ಕಾಕಾನ ಕಥೆಯೇ ಓಡುತ್ತಿದೆ. ಸಂತೆ ಮಾಲು ಅಂತ ವಾದ ಮಾಡಿದವನೇ ಅದನ್ನ ಬಂದವರಿಗೆಲ್ಲಾ ಹೇಳ್ತಾನೆ.

ಕೌದಿಗೆ ಆರು ಸೀರೆ ಹೋದವು, ಜೊತೆಗೆ ಅಜ್ಜನ ಧೋತರ. ಏಳನೆಯದನ್ನು ನಾನು ಬಿಚ್ಚಿದ ಎಂಟು ಹೊಲಿಗೆ ಮತ್ತೆ ಹಾಕಿ ಅತ್ತಿಯ ಟ್ರಂಕಿನಲ್ಲಿ ಇಟ್ಟಿದ್ದೇವೆ. ಮಡಿಕೆಯ ನಡುವೆ ಒಂದು ಚೀಟಿ ಇದೆ, ನಾನು ಬರೆದದ್ದು. ಶಾರ್ವರಿ, ಮಾಘ, 1961. ಒಂಬತ್ತು ವಾರ, ಗೋಮಿ ದಡಿ, ದಡಿ ಬಣ್ಣ ಫರಕು. ನೇಯ್ದವರು, ಅಂತ ಅಜ್ಜನ ಹೆಸರು. ಕೊಂಡಿ ಹಾಕಿದವರು, ಅಂತ ಆಯಿಯ ಹೆಸರು. ಚೀಟಿ ಬರೆಯುವಾಗಲೇ ಒಂದು ವಿಷಯ ಹೊಳೆಯಿತು. ಆಯಿಯ ಪೂರ್ತಿ ಹೆಸರನ್ನು ನಾನು ಬರೆದದ್ದು ಜೀವನದಲ್ಲಿ ಎರಡೇ ಸಲ. ಮೊದಲನೆಯದು ಅವಳ ಮರಣ ಪ್ರಮಾಣಪತ್ರದ ಅರ್ಜಿಯಲ್ಲಿ.

ಹಬ್ಬಕ್ಕೆ ಊರಿಗೆ ಹೋದಾಗ ನೀವೂ ಒಂದು ಸಲ ಟ್ರಂಕು ತೆಗೆದು ನೋಡಿ. ಸೀರೆಯೋ, ತಾಮ್ರದ ಹಂಡೆಯೋ, ಕುಂಟೆಯೋ, ಏನೋ ಒಂದು ಇದ್ದೇ ಇರುತ್ತೆ. ಯಾರು ಮಾಡಿದ್ದು ಅಂತ ಕೇಳಿ. ಅವರ ಪಕ್ಕದಲ್ಲಿ ಕೂತು ಯಾರು ಕೈ ಜೋಡಿಸಿದ್ದು ಅಂತಾನೂ ಕೇಳಿ. ವಹಿ ಹುಡುಕೋಕೆ ನನಗೆ ಒಂದು ತಿಂಗಳು ಹಿಡಿಯಿತು. ಆಯಿ ಇದ್ದಿದ್ದರೆ ರೊಟ್ಟಿ ಬಡಿಯುತ್ತಲೇ ಹೇಳಿ ಮುಗಿಸ್ತಿದ್ದಳು.